ರೆಫರ್ ಆದಮೇಲೆ ನಿಲ್ಲಬಾರದು

ನನ್ನ ತಂಗಿಯ ಮಗಳು ಡಾಕ್ಟರ್ ಆಟ ಆಡುವಾಗ ಗೊಂಬೆಯನ್ನು ಜಗಲಿಯ ಮೇಲೆ ಮಲಗಿಸುತ್ತಾಳೆ. ಹೊಟ್ಟೆ ಒತ್ತಿ ನೋಡುತ್ತಾಳೆ, ಕಣ್ಣು ಬಿಡಿಸಿ ನೋಡುತ್ತಾಳೆ, ಆಮೇಲೆ ಮುಖ ಗಂಭೀರ ಮಾಡಿಕೊಂಡು "ರೆಫರ್" ಅನ್ನುತ್ತಾಳೆ. ಮಾತ್ರೆಯೂ ಇಲ್ಲ, ಇಂಜೆಕ್ಷನ್ನೂ ಇಲ್ಲ. ಗೊಂಬೆಯನ್ನು ಆಟಿಕೆ ಲಾರಿಯ ಮೇಲೆ ಹಾಕಿ, ಬಾಯಲ್ಲೇ ಸೈರನ್ ಕೂಗುತ್ತ ಅಡುಗೆಮನೆಗೆ ಓಡಿಸುತ್ತಾಳೆ. ಅವಳ ಆಟದಲ್ಲಿ ಅಡುಗೆಮನೆ ಅಂದರೆ ದೊಡ್ಡಾಸ್ಪತ್ರೆಗಳಿರುವ ಉಡುಪಿ.

ಇದೇ ಶಬ್ದವನ್ನು ನಾನು ಕಲಿತದ್ದು ನರ್ಸಿಂಗ್ ಓದುವಾಗ. ನಮ್ಮ ಮೇಡಂ ಪ್ರತಿ ಪಾಠದ ಕೊನೆಗೆ "ಪುಸ್ತಕ ರೆಫರ್ ಮಾಡಿ" ಅನ್ನುತ್ತಿದ್ದರು. ಆಗ ಅದು ಲೈಬ್ರರಿಯ ಶಬ್ದವಾಗಿತ್ತು. ಕುಮಟಾದಿಂದ ಭಟ್ಕಳದವರೆಗಿನ ನಮ್ಮ ಕಡಲ ಬದಿಯಲ್ಲಿ ಯಾರೂ ಪುಸ್ತಕವನ್ನು ರೆಫರ್ ಮಾಡುವುದಿಲ್ಲ. ಮಿಕ್ಸಿ ರಿಪೇರಿಯವನು ಕೈಚೆಲ್ಲಿದರೆ "ಹುಬ್ಬಳ್ಳಿಗೆ ರೆಫರ್ ಆತು" ಎಂದು ನಗುತ್ತೇವೆ. ಊರಲ್ಲಿ ಹೆಣ್ಣು ಸಿಗದ ಹುಡುಗನ ಜಾತಕ ಘಟ್ಟದ ಮೇಲಕ್ಕೆ ರೆಫರ್ ಆಗಿದೆ ಎಂದು ಚುಡಾಯಿಸುತ್ತೇವೆ. ಆಸ್ಪತ್ರೆಯ ವರಾಂಡದಲ್ಲಿ ಮಾತ್ರ ಅದೇ ಶಬ್ದ ಕಿವಿಗೆ ಬಿದ್ದರೆ ಹೆಂಗಸರು ಕೊರಳಿನ ಸರ ಮುಟ್ಟಿ ನೋಡಿಕೊಳ್ಳುತ್ತಾರೆ, ಗಂಡಸರು ಫೋನು ಹಿಡಿದು ಹೊರಗೆ ಹೋಗುತ್ತಾರೆ.

ಈ ಶಬ್ದದ ಜೊತೆಗೆ ಇಲ್ಲಿ ಒಂದು ಪದ್ಧತಿಯೂ ಬೆಳೆದಿದೆ. ಒಮ್ಮೆ ರೆಫರ್ ಆಯಿತೆಂದರೆ ಗಾಡಿ ಸೀದಾ ದಕ್ಷಿಣಕ್ಕೆ ಹೋಗಬೇಕು. ಹೊನ್ನಾವರ ಬರಲಿ, ಭಟ್ಕಳ ಬರಲಿ, ಮಧ್ಯದಲ್ಲಿ ಯಾವ ಆಸ್ಪತ್ರೆಯ ಮುಂದೆಯೂ ನಿಲ್ಲಬಾರದು. ನಿಂತರೆ ಅವರೂ ರೆಫರ್ ಮಾಡುತ್ತಾರೆ, ಹೊತ್ತು ಹಾಳು, ಅಷ್ಟರಲ್ಲಿ ಜೀವ ಹೋಗುತ್ತದೆ ಎಂದು ಎಲ್ಲರೂ ನಂಬಿದ್ದಾರೆ. ಆಂಬುಲೆನ್ಸಿನ ನರ್ಸ್ ಆಗಿ ನಾನೂ ಅದನ್ನು ಪಾಲಿಸಿಕೊಂಡೇ ಬಂದಿದ್ದೆ. ಅದನ್ನು ಮುರಿದ ದಿನದ ಕಥೆ ಇದು.

ನನ್ನ ಬಾಯಿ ಸ್ವಲ್ಪ ಖಾರ ಎಂದು ಮೊದಲೇ ಹೇಳಿಬಿಡುತ್ತೇನೆ. "ನಿಮ್ಮ ಬಾಯಿ ಇರುವಾಗ ನಂಗೆ ಸೈರನ್ ಎಂತಕ್ಕೆ ಸಿಸ್ಟರ್" ಎನ್ನುವುದು ನಮ್ಮ ಡ್ರೈವರ್‌ನ ಮಾಮೂಲಿ ತಮಾಷೆ. ಭಟ್ಕಳದವನು, ಮನೆಯಲ್ಲಿ ನವಾಯತಿ, ಗಾಡಿಯಲ್ಲಿ ಕನ್ನಡ, ಅಡ್ಡ ಬಂದ ಲಾರಿಯವರಿಗೆ ಉರ್ದು. ನಾನು ಅವನನ್ನು ಭಾಯ್ ಅಂತಲೇ ಕರೆಯುವುದು.

ಡಿಸೆಂಬರಿನ ಒಂದು ಮಧ್ಯಾಹ್ನ ಕುಮಟಾ ಕಡೆಯ ಒಂದು ಸಣ್ಣ ಆಸ್ಪತ್ರೆಯಿಂದ ಕರೆ ಬಂತು. ಹಿರೇಗುತ್ತಿಯ ಗಾರೆ ಕೆಲಸದವನೊಬ್ಬನಿಗೆ ಹಾವು ಕಚ್ಚಿತ್ತು. ವರ್ಷವಿಡೀ ಬೇರೆಯವರ ಮನೆ ಕಟ್ಟಿದವನು ಅವತ್ತು ರಜೆ ಮಾಡಿ ತನ್ನ ಮನೆಯ ಕಂಪೌಂಡಿಗೆ ಕೈಹಾಕಿದ್ದ. ಮಳೆಗಾಲಕ್ಕೆ ಮೊದಲೇ ತಂದು ಜೋಡಿಸಿಟ್ಟಿದ್ದ ಚಿರೇಕಲ್ಲಿನ ರಾಶಿಯಿಂದ ಕಲ್ಲೊಂದನ್ನು ಎತ್ತುವಾಗ ಸಂದಿಯಲ್ಲಿದ್ದ ನಾಗರ ಬಲಗೈಗೆ ಹೊಡೆದಿತ್ತು. ಮನೆಯವರು ನಾಟಿ ಔಷಧಿ ಎಂದು ಅಲೆಯದೆ ಸೀದಾ ಆಸ್ಪತ್ರೆಗೆ ಕರೆತಂದಿದ್ದರು. ಅರ್ಧ ಪುಣ್ಯ ಅಲ್ಲೇ ಬಂದಿತ್ತು.

ನಾನು ಒಳಗೆ ಹೋದಾಗ ಅವನು ಮಂಚದ ಮೇಲೆ ಕೂತೇ ಇದ್ದ. ಕೈ ಊದಿತ್ತು, ಸಲೈನ್ ಬಾಟಲಿಯಲ್ಲಿ ವಿಷಕ್ಕೆ ಕೊಡುವ ಔಷಧಿ ಹೋಗುತ್ತಿತ್ತು. ನೋಡುವವರಿಗೆ ಅಂಥದ್ದೇನೂ ಆಗಿಲ್ಲ ಅನ್ನಿಸಬೇಕು. ಆದರೆ ರೆಪ್ಪೆಗಳು ಅರ್ಧಕ್ಕೆ ಇಳಿದಿದ್ದವು. ನನ್ನನ್ನು ನೋಡಲು ಅವನು ಗಲ್ಲ ಮೇಲೆತ್ತಿ, ರೆಪ್ಪೆಯ ಕೆಳಗಿನ ಸಂದಿಯಿಂದ ನೋಡಿದ.

"ಇವ್ರು ಕುಡಿಯುದಿಲ್ಲ ಸಿಸ್ಟರೇ," ಎಂದಳು ಪಕ್ಕದಲ್ಲಿದ್ದ ಹೆಂಡತಿ. "ಕಣ್ಣು ಎಂತಕ್ಕೆ ಹೀಂಗಾತು?"

ನಾಗರನ ವಿಷದ ದಾರಿಯೇ ಹಾಗೆ. ನರದ ಅಪ್ಪಣೆ ಸ್ನಾಯುವಿಗೆ ಮುಟ್ಟದ ಹಾಗೆ ಮಾಡುತ್ತದೆ. ಮೊದಲು ರೆಪ್ಪೆ, ಆಮೇಲೆ ಗಂಟಲು, ಕುತ್ತಿಗೆ, ಕೊನೆಗೆ ಉಸಿರಾಡಿಸುವ ಎದೆಯ ಸ್ನಾಯು. ಅಷ್ಟೆಲ್ಲ ಆಗುವಾಗಲೂ ಮನುಷ್ಯನ ಪ್ರಜ್ಞೆ ಮಾತ್ರ ಸ್ವಚ್ಛವಾಗಿರುತ್ತದೆ. ಉಸಿರು ನಿಲ್ಲುವ ಹೊತ್ತಿಗೆ ಯಂತ್ರವೋ ಕೈಯೋ ಅವನ ಬದಲು ಉಸಿರಾಡಿಸಿದರೆ, ವಿಷ ಇಳಿದ ಮೇಲೆ ಎದ್ದು ಕೂರುತ್ತಾನೆ. ಉಸಿರಾಡಿಸದಿದ್ದರೆ ಇಲ್ಲ. ಮಧ್ಯದ ದಾರಿ ಅಂತ ಒಂದಿಲ್ಲ.

ಅಲ್ಲಿಯ ಡಾಕ್ಟರು ನನ್ನನ್ನು ಬಾಗಿಲ ಹತ್ತಿರ ಕರೆದರು. "ಔಷಧಿ ಹೋಗ್ತಾ ಇದೆ, ನರಕ್ಕೆ ಕೊಡುವ ಇಂಜೆಕ್ಷನ್ನೂ ಕೊಟ್ಟಿದ್ದೇನೆ. ಆದ್ರೂ ಇಳೀತಾ ಇದ್ದಾನೆ. ವೆಂಟಿಲೇಟರ್ ಬೇಕಾಗ್ಬಹುದು, ಇಲ್ಲಿಲ್ಲ. ಹತ್ತಿರದಲ್ಲಿ ಕೇಳಿದೆ, ಯಾವುದೂ ಖಾಲಿ ಇಲ್ಲ. ಉಡುಪಿಗೆ ಹೇಳಿಟ್ಟಿದ್ದೇನೆ."

ಅಷ್ಟು ಹೇಳಿ ಅವರು ಹೆಂಡತಿಯ ಕಡೆ ತಿರುಗಿ ಆ ಶಬ್ದ ಹೇಳಿದರು. ಅವಳು ಅಳಲಿಲ್ಲ. ಮಂಚದ ಕೆಳಗೆ ಬಗ್ಗಿ ಗಂಡನ ಚಪ್ಪಲಿ ಎತ್ತಿ, ಒಂದು ಪ್ಲಾಸ್ಟಿಕ್ ಕೊಟ್ಟೆಗೆ ಹಾಕಿ ಕಂಕುಳಲ್ಲಿ ಇಟ್ಟುಕೊಂಡಳು. "ಬರುವಾಗ ಬೇಕಲ," ಎಂದಳು, ನಾನು ಕೇಳದಿದ್ದರೂ.

ನಮ್ಮ ಗಾಡಿಯಲ್ಲಿ ವೆಂಟಿಲೇಟರ್ ಇರಲಿಲ್ಲ. ಆಮ್ಲಜನಕದ ಒಂದು ದೊಡ್ಡ ಸಿಲಿಂಡರ್, ಒಂದು ಸಣ್ಣದು, ಬಾಯಿಯ ಜೊಲ್ಲು ಎಳೆಯುವ ಯಂತ್ರ, ಮತ್ತು ಕೈಯಿಂದ ಒತ್ತಿ ಉಸಿರು ಕೊಡುವ ರಬ್ಬರಿನ ಚೀಲ. ನಾವು ಅದನ್ನು ಅಂಬು ಬ್ಯಾಗ್ ಅನ್ನುತ್ತೇವೆ. ಹೊರಡುವಾಗ ಅವನು ತಾನೇ ಉಸಿರಾಡುತ್ತಿದ್ದ. ಉಡುಪಿಯವರೆಗೆ ಹಾಗೇ ಇದ್ದರೆ ಸಾಕು ಎಂದುಕೊಂಡೆ.

ಹೆದ್ದಾರಿಗೆ ಬಂದ ಕೂಡಲೇ ನನ್ನ ಪರೀಕ್ಷೆ ಶುರು ಮಾಡಿದೆ. "ಅಣ್ಣ, ಒಂದೇ ಉಸಿರಿಗೆ ಎಣಿಸಿ ನೋಡ್ವ, ಎಷ್ಟಾತದೆ." ಅವನು ಇಪ್ಪತ್ತರ ಹತ್ತಿರ ಹೋದ, ಮಾತು ಮೂಗಿನಿಂದ ಬರುತ್ತಿತ್ತು. ಧಾರೇಶ್ವರ ದಾಟಿದ ಮೇಲೆ ಮತ್ತೆ ಎಣಿಸಿದ, ಹತ್ತಕ್ಕೆ ಉಸಿರು ಮುಗಿಯಿತು. ಹಳದೀಪುರದಲ್ಲಿ ತಲೆಯನ್ನು ದಿಂಬಿನಿಂದ ಎತ್ತಲು ಹೇಳಿದೆ. ಕುತ್ತಿಗೆಯ ನರ ಉಬ್ಬಿತು, ತಲೆ ಏಳಲಿಲ್ಲ. ಜೊಲ್ಲು ನುಂಗಲಾಗದೆ ಕಟಬಾಯಿಂದ ಇಳಿಯತೊಡಗಿತು. ಎಡಮಗ್ಗುಲಿಗೆ ಹೊರಳಿಸಿ, ಯಂತ್ರದಿಂದ ಜೊಲ್ಲು ಎಳೆದೆ. ಡ್ರೈವರ್ ಕನ್ನಡಿಯಲ್ಲಿ ನನ್ನ ಮುಖ ನೋಡಿದ. ಆಮೇಲೆ ತಮಾಷೆ ಮಾಡಲಿಲ್ಲ.

ಹೊನ್ನಾವರ ಹತ್ತಿರವಾದಾಗ ಹೆಂಡತಿಯ ಫೋನು ಬಡಿದುಕೊಂಡಿತು. ಮಾತಾಡಿ ಮುಗಿಸಿ ಅಳುಕುತ್ತ ನನ್ನನ್ನು ನೋಡಿದಳು. "ನಮ್ಮ ಅಣ್ಣ ಸಿಸ್ಟರೇ. ಇಲ್ಲೇ ಹೊನ್ನಾವರದ ಕಾಸರಕೋಡಲ್ಲಿ ಬೋಟಿಗೆ ಹೋಗ್ತಾನೆ. ಸೇತುವೆ ದಾಟಿದ್ಮೇಲೆ ರಸ್ತೆ ಬದಿಗೇ ನಿಂತ್ಕಂಡಿದ್ದಾನೆ. ಹತ್ತಿಸ್ಕಳ್ವನಾ?"

ನಮ್ಮ ಕಡೆ ಇದೂ ಪದ್ಧತಿಯೇ. ರೆಫರ್ ಆದ ಗಾಡಿಗೆ ದಾರಿಯುದ್ದಕ್ಕೂ ನೆಂಟರು ಕಾಯುತ್ತಾರೆ. ಒಬ್ಬರು ಬಟ್ಟೆಯ ಚೀಲ ಹಿಡಿದು, ಒಬ್ಬರು ಗಂಜಿಯ ಥರ್ಮಾಸು ಹಿಡಿದು. ಬೇರೆ ದಿನವಾಗಿದ್ದರೆ ಇದು ಲೋಕಲ್ ಬಸ್ಸಲ್ಲ ಎಂದು ಬೈಯುತ್ತಿದ್ದೆ. ಅವತ್ತು ನನಗೆ ಇನ್ನೊಂದು ಜೊತೆ ಕೈ ಬೇಕಾಗಬಹುದು ಅನ್ನಿಸಿತು. ಶರಾವತಿ ದಾಟಿದ ಮೇಲೆ ಗಾಡಿ ನಿಂತು, ಲುಂಗಿಯನ್ನು ಮೊಣಕಾಲಿಗೆ ಕಟ್ಟಿದ ಒಬ್ಬ ಗಟ್ಟಿ ಆಳು ಹತ್ತಿದ. ಒಣಮೀನಿನ ವಾಸನೆಯೂ ಅವನ ಜೊತೆ ಹತ್ತಿತು.

ಅವನು ಭಾವನ ಮುಖ ನೋಡಿದವನೇ, "ಎಲ್ಲೂ ನಿಲ್ಸುದು ಬ್ಯಾಡ. ಸೀದಾ ಉಡುಪಿ," ಎಂದ. ಅವನಿಗಾಗಿ ಈಗಷ್ಟೇ ನಿಲ್ಲಿಸಿದ್ದೆವು.

ಮಂಕಿ ಸಮೀಪಿಸುವಾಗ ಎದೆಯ ಏರಿಳಿತ ಸಣ್ಣದಾಯಿತು. ಬೆರಳಿಗೆ ಹಾಕಿದ ಕ್ಲಿಪ್ಪಿನಲ್ಲಿ ಆಮ್ಲಜನಕದ ಅಂಕಿ ಒಂದೊಂದೇ ಇಳಿಯಿತು. ತುಟಿಯ ಬಣ್ಣ ಮಾಸಿತು. ಕರೆದರೆ ರೆಪ್ಪೆ ಅಲ್ಲಾಡಲಿಲ್ಲ. ಬೆನ್ನ ಮೇಲೆ ಮಲಗಿಸಿ, ದವಡೆ ಮುಂದಕ್ಕೆ ಎತ್ತಿ, ಮಾಸ್ಕನ್ನು ಮೂಗು ಬಾಯಿಗೆ ಒತ್ತಿ ಹಿಡಿದು ಚೀಲ ಒತ್ತತೊಡಗಿದೆ. ಅವನು ಎಳೆಯುವ ಸಣ್ಣ ಉಸಿರಿನ ಜೊತೆಗೇ ಒತ್ತಬೇಕು, ಎದೆ ಏಳಬೇಕು, ಬಿಡಬೇಕು. ಓಡುವ ಗಾಡಿಯಲ್ಲಿ ಒಂದೇ ಕೈಯಲ್ಲಿ ಮಾಸ್ಕ್ ನಿಲ್ಲುವುದಿಲ್ಲ. ಹೊಂಡಕ್ಕೊಮ್ಮೆ ಗಾಳಿ ಬದಿಯಿಂದ ಬುಸ್ಸೆಂದು ಹೋಗುತ್ತಿತ್ತು. ಅಷ್ಟರಲ್ಲಿ ಗಾಡಿಯೇ ನಿಂತಿತು. ಮುಂದೆ ರಸ್ತೆ ಕೆಲಸದ ತಿರುವಿನಲ್ಲಿ ಒಂದು ಉದ್ದ ಲಾರಿ ಅಡ್ಡ ಸಿಕ್ಕಿಕೊಂಡಿತ್ತು.

"ಅಣ್ಣ, ಇಲ್ಲಿ ಬನ್ನಿ," ಎಂದೆ ಬೋಟಿನವನಿಗೆ. "ನಾ ಎರಡೂ ಕೈಲಿ ಮಾಸ್ಕ್ ಹಿಡೀತೆ. ನೀವು ಈ ಚೀಲ ಒತ್ತಿ. ನಾ ಹೇಳ್ದಾಗ ಒತ್ತುದು, ಹೇಳ್ದಾಗ ಬಿಡುದು."

ಅವನು ಒತ್ತಿದ. ಸಮುದ್ರದಲ್ಲಿ ಬಲೆಯ ಹಗ್ಗ ಎಳೆದ ಕೈ, ಮೇಲೆ ಹೆದರಿಕೆ ಬೇರೆ. ಚೀಲ ಎರಡೂ ಕಡೆಯಿಂದ ಅಂಟಿಕೊಳ್ಳುವಷ್ಟು ಒತ್ತಿದ. ನಾನು ಎದೆಯನ್ನೇ ನೋಡುತ್ತಿದ್ದೆ. ಹೊಟ್ಟೆ ಉಬ್ಬಿದ್ದು ಕಂಡಾಗ ತಡವಾಗಿತ್ತು. ಜೋರಾಗಿ ಹೋದ ಗಾಳಿ ಹೊಟ್ಟೆಗೆ ಇಳಿದು, ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬಂತು. ನುಂಗಲು ಬಾರದವನ ಬಾಯಿಗೆ ವಾಂತಿ ಬಂದರೆ ಅದು ಶ್ವಾಸಕೋಶಕ್ಕೇ ಹೋಗುತ್ತದೆ. ಮಾಸ್ಕ್ ಕಿತ್ತು, ಹೊರಳಿಸಿ, ಬಟ್ಟೆಯಿಂದ ಒರೆಸಿ, ಯಂತ್ರದ ನಳಿಗೆ ಹಾಕಿ ಎಳೆದೆ. ಅಷ್ಟು ಹೊತ್ತು ಅವನಿಗೆ ಉಸಿರೇ ಇಲ್ಲ. ಕ್ಲಿಪ್ಪಿನ ಅಂಕಿ ನೋಡಬಾರದಷ್ಟು ಕೆಳಗೆ ಹೋಯಿತು.

"ಹಗ್ಗ ಎಳಿಯುದಲ್ಲ ಅಣ್ಣ ಇದು," ಎಂದು ಕೂಗಿದೆ. "ಎದೆ ಏಳುವಷ್ಟೇ ಸಾಕು. ಎದ್ದದ್ದು ಕಂಡ ಕೂಡ್ಲೆ ಬಿಡಿ. ನಿಮ್ಮ ಕೈ ನೋಡ್ಬ್ಯಾಡಿ, ಅವ್ರ ಎದೆ ನೋಡಿ."

ಅವನು ತಲೆಯಾಡಿಸಿದ. ಎರಡನೆಯ ಸಲ ಸರಿಯಾಗಿ ಒತ್ತಿದ. ಅಂಕಿ ನಿಧಾನವಾಗಿ ಮೇಲೆ ಬಂತು. ಡ್ರೈವರ್ ಕೆಳಗಿಳಿದು, ಮುಂದಿದ್ದ ವಾಹನಗಳವರ ಹತ್ತಿರ ಮೂರು ಭಾಷೆಯಲ್ಲಿ ಜಗಳ ಕಾಯ್ದು, ಬದಿಯ ಮಣ್ಣಿನ ಮೇಲೆ ದಾರಿ ಮಾಡಿಕೊಂಡು ನಮ್ಮನ್ನು ಲಾರಿಯ ಆಚೆ ದಾಟಿಸಿದ.

ಗಾಡಿ ಓಡತೊಡಗಿದ ಮೇಲೆ ಬೋಟಿನವನು ಚೀಲ ಒತ್ತುತ್ತಲೇ ಮಾತಾಡಿದ. ಮಾತಾಡದಿದ್ದರೆ ಒಡೆದುಹೋಗುತ್ತಿದ್ದನೋ ಏನೋ. "ಅಪ್ಪಂಗೂ ಹೀಂಗೇ ಆತು ಸಿಸ್ಟರೇ. ಎದೆನೋವು ಅಂತ ಕರ್ಕಂಡು ಹೊರಟ್ವಿ. ಒಂದು ಕಡೆ ರೆಫರ್ ಅಂದ್ರು. ಮುಂದಿನ ಊರಲ್ಲಿ ನಿಲ್ಸಿದ್ವಿ, ಅಲ್ಲೂ ಚೀಟಿ ಮಾಡ್ಸಿ, ಕಾದು, ಕಡೆಗೆ ರೆಫರ್. ಮತ್ತೊಂದು ಕಡೆನೂ ಹಂಗೇ. ಶಿರೂರು ದಾಟುವಾಗ ನನ್ನ ತೊಡೆ ಮೇಲೇ ಹೋದ್ರು. ನಿಲ್ಸದೇ ಹೋಗಿದ್ರೆ ಬದುಕ್ತಿದ್ರು." ಭಾವನ ಮುಖ ನೋಡಿ, "ಇವಂದೂ ಆತು ಅನ್ಸ್ತದೆ. ಕಣ್ಣೇ ಬಿಡುದಿಲ್ಲ," ಎಂದ.

ಅವನ ತಂಗಿ ಚಪ್ಪಲಿಯ ಕೊಟ್ಟೆಯನ್ನು ಎದೆಗೆ ಒತ್ತಿಕೊಂಡಳು. ಅವಳ ಬಾಯಿ ಅಳಲು ತೆರೆಯುತ್ತಿತ್ತು.

"ಸುಮ್ನಿರಿ ಇಬ್ರೂ," ಎಂದೆ. "ಅವ್ರಿಗೆ ಎಲ್ಲಾ ಕೇಳ್ತದೆ. ಕಣ್ಣು ಬಿಡುಕೆ ಆಗುದಿಲ್ಲ, ಅಷ್ಟೇ. ತಂಗಿ, ಅವ್ರ ಎಡಗೈ ಹಿಡ್ಕ." ಆಮೇಲೆ ಮಲಗಿದ್ದವನ ಕಿವಿಗೆ ಬಗ್ಗಿ ಹೇಳಿದೆ, "ಅಣ್ಣ, ನಿಮ್ಗೆ ಕೇಳ್ತಾ ಇದ್ರೆ ಅವಳ ಕೈಯನ್ನ ಬೆರಳಿಂದ ಒತ್ತಿ."

ನಾವು ಮೂವರೂ ಆ ಕೈಯನ್ನೇ ನೋಡಿದೆವು. ಹೆಬ್ಬೆರಳು ಒಂದು ಕೂದಲಷ್ಟು ಅಲ್ಲಾಡಿತು. ನನಗೆ ಅನುಮಾನವೇ ಇತ್ತು, ಅವಳಿಗೆ ಇರಲಿಲ್ಲ. "ಒತ್ತಿದ್ರು," ಎಂದಳು. ಅಲ್ಲಿಂದ ಮುಂದೆ ಅವನ ಕಿವಿಯ ಹತ್ತಿರ ಬಗ್ಗಿ ಒಂದೇ ಸಮನೆ ಮಾತಾಡತೊಡಗಿದಳು. ಕೋಳಿಗೂಡಿನ ಬಾಗಿಲು, ನೀರಿನ ಟ್ಯಾಂಕಿ, ಮಗನ ಶಾಲೆಯ ಟೂರು. ಬೋಟಿನವನು ಎದೆ ನೋಡಿಕೊಂಡು ಒತ್ತಿದ.

ಮುರ್ಡೇಶ್ವರದ ಕ್ರಾಸ್ ದಾಟುವಾಗ ಸಿಲಿಂಡರಿನ ಮುಳ್ಳು ನೋಡಿದೆ. ಚೀಲಕ್ಕೆ ಜೋರಾಗಿ ಬಿಟ್ಟ ಆಮ್ಲಜನಕ ನಾನು ಎಣಿಸಿದ್ದಕ್ಕಿಂತ ಬೇಗ ಖರ್ಚಾಗಿತ್ತು. ಸಣ್ಣದನ್ನು ಸೇರಿಸಿದರೂ ಉಡುಪಿಯವರೆಗೆ ಸಾಲುವುದಿಲ್ಲ. ಅದು ಮುಗಿದರೆ ಬರೀ ಗಾಳಿ ಒತ್ತಬಹುದು. ಆದರೆ ಅವನು ಈಗ ತಾನಾಗಿ ಉಸಿರು ಎಳೆಯುತ್ತಲೇ ಇರಲಿಲ್ಲ, ಗಂಟಲಲ್ಲಿ ಮತ್ತೆ ಗೊರಗೊರ ಶುರುವಾಗಿತ್ತು, ಇನ್ನೊಂದು ವಾಂತಿ ಬಂದರೆ ನನ್ನಿಂದ ತಡೆಯಲಾಗದು. ಅವನಿಗೆ ಬೇಕಾದದ್ದು ಉಡುಪಿಯಲ್ಲ. ಗಂಟಲಿಗೆ ಒಂದು ಟ್ಯೂಬು, ಅದರ ಹಿಂದೆ ಒಂದು ಯಂತ್ರ, ಎರಡನ್ನೂ ಬಲ್ಲ ಒಬ್ಬ ಅರಿವಳಿಕೆ ಡಾಕ್ಟರು.

ನನಗೆ ಹೆದರಿಕೆಯಾಗಿತ್ತು. ಇವತ್ತಿಗೂ ಅದನ್ನು ಮುಚ್ಚಿಡುವುದಿಲ್ಲ. ಸೀದಾ ಹೋಗಿ ಅವನು ದಾರಿಯಲ್ಲಿ ತೀರಿಕೊಂಡರೆ ಯಾರೂ ನನ್ನನ್ನು ಕೇಳುವುದಿಲ್ಲ. ರೆಫರ್ ಆಗಿತ್ತು, ದಾರಿಯಲ್ಲಿ ಹೋದ ಎಂದು ಊರು ತಾನೇ ಸಮಾಧಾನ ಮಾಡಿಕೊಳ್ಳುತ್ತದೆ. ಆ ಶಬ್ದದೊಳಗೆ ಡಾಕ್ಟರು, ನರ್ಸು, ಡ್ರೈವರು, ನೆಂಟರು ಎಲ್ಲರಿಗೂ ಅಡಗಿಕೊಳ್ಳಲು ಜಾಗವಿದೆ. ಭಟ್ಕಳದಲ್ಲಿ ನಿಲ್ಲಿಸಿ ಅವನು ಅಲ್ಲಿ ತೀರಿಕೊಂಡರೆ, ಆ ನರ್ಸ್ ನಿಲ್ಲಿಸಿದಳು ಎಂಬ ಮಾತು ನನ್ನ ಜೊತೆ ಸಾಯುವವರೆಗೂ ಇರುತ್ತದೆ.

"ಭಾಯ್," ಎಂದೆ, "ನಿಮ್ಮೂರ ಆಸ್ಪತ್ರೆಲಿ ಇವತ್ತು ಆಪರೇಷನ್ ದಿನ ಅಲ್ದಾ?"

ನಮ್ಮ ಮೂರು ತಾಲೂಕುಗಳಲ್ಲಿ ಅರಿವಳಿಕೆ ಡಾಕ್ಟರುಗಳು ಕಡಿಮೆ. ಒಬ್ಬೊಬ್ಬರೂ ವಾರದ ದಿನಗಳನ್ನು ಹಂಚಿಕೊಂಡು ಊರೂರು ತಿರುಗುತ್ತಾರೆ. ಎಲ್ಲಿ ಯಾವ ದಿನ ಯಾರಿರುತ್ತಾರೆ ಎನ್ನುವುದು ಗಾಡಿಯವರ ಬಾಯಲ್ಲಿ ಓಡಾಡುವ ಸುದ್ದಿ. ಡ್ರೈವರ್ ಕಿವಿಗೆ ಸಿಕ್ಕಿಸಿದ್ದ ಇಯರ್‌ಫೋನಿನಲ್ಲಿ ಯಾರಿಗೋ ಕರೆ ಮಾಡಿದ. ಅವನ ತಂಗಿಯ ಗಂಡ ಆ ಆಸ್ಪತ್ರೆಯ ಔಷಧಿ ಅಂಗಡಿಯಲ್ಲಿದ್ದ. ನವಾಯತಿಯಲ್ಲಿ ಬಿರಬಿರನೆ ಮಾತು ನಡೆಯಿತು. ನನಗೆ ಅರ್ಥವಾದದ್ದು ವೆಂಟಿಲೇಟರ್ ಎಂಬ ಒಂದೇ ಶಬ್ದ.

"ಇದ್ದಾರೆ ಸಿಸ್ಟರ್," ಎಂದ. "ಈಗಷ್ಟೇ ಒಂದು ಕೇಸು ಮುಗಿಸಿ ಹೊರಗೆ ಬಂದ್ರಂತೆ. ಯಂತ್ರನೂ ಈಗ ಖಾಲಿ ಆಗಿದೆಯಂತೆ. ಎಂತ ಮಾಡುದು ಹೇಳಿ."

ನಮ್ಮನ್ನು ಕಳಿಸಿಕೊಟ್ಟ ಡಾಕ್ಟರಿಗೆ ತಂಗಿಯ ಕೈಯಿಂದ ನನ್ನ ಫೋನಿನಲ್ಲಿ ಕರೆ ಮಾಡಿಸಿ, ಸ್ಪೀಕರ್ ಹಾಕಿಸಿ, ಇದ್ದದ್ದು ಇದ್ದಹಾಗೆ ಹೇಳಿದೆ. ಅವರು ಅಂದರು, "ನನಗೆ ಇಲ್ಲಿಂದ ಕಾಣೋದಿಲ್ಲ ಸಿಸ್ಟರ್. ನಿಮಗೆ ಕಾಣ್ತಾ ಇದೆ. ನೀವು ನಿಲ್ಲಿಸೋದಾದ್ರೆ ನಾನು ಅವರಿಗೆ ಈಗಲೇ ಮಾತಾಡ್ತೇನೆ."

"ಮಾತಾಡಿ," ಎಂದೆ. "ಭಾಯ್, ಭಟ್ಕಳದಲ್ಲಿ ಒಳಗೆ ತಗೊಳ್ಳಿ."

ಬೋಟಿನವನು ತಲೆ ಎತ್ತಿದ. "ಎಂತದು? ಎಂತ ಹೇಳಿದ್ರಿ? ನಿಲ್ಸುದಿಲ್ಲ. ಅಲ್ಲೂ ರೆಫರ್ ಮಾಡ್ತ್ರು, ನಂಗೊತ್ತದೆ. ನನ್ನ ಅಪ್ಪನ್ನ ಹೀಂಗೇ ಕೊಂದ್ರು. ನಿಲ್ಸಿದ್ರೆ ನಾ ಈ ಚೀಲ ಬಿಡ್ತೆ ನೋಡಿ, ಈಗ್ಲೇ ಬಿಡ್ತೆ."

ತಂಗಿ, ಗಂಡನ ಕಿವಿಯಲ್ಲಿ ಹೇಳುತ್ತಿದ್ದ ಮಾತನ್ನು ಅರ್ಧಕ್ಕೆ ಬಿಟ್ಟು ಅಣ್ಣನನ್ನು ನೋಡಿದಳು. ಮಾಸ್ಕ್ ಬಿಟ್ಟು ನನ್ನ ಕೈ ಚೀಲಕ್ಕೆ ಹೋಗುವಂತಿರಲಿಲ್ಲ. ನಾನು ಅವನ ಕೈ ನೋಡಿದೆ. ಬಾಯಿ ಬಿಡುತ್ತೇನೆ ಎಂದಿತ್ತು, ಕೈ ಒತ್ತುತ್ತಲೇ ಇತ್ತು. ಎದೆ ಏಳುತ್ತಿತ್ತು, ಬಿಡುತ್ತಿತ್ತು, ಮತ್ತೆ ಏಳುತ್ತಿತ್ತು. ಅವನೂ ತನ್ನ ಕೈಯನ್ನೇ ನೋಡಿಕೊಂಡ.

"ಅಣ್ಣ," ಎಂದೆ. ನನ್ನ ದನಿ ಅಷ್ಟು ಮೆತ್ತಗಾದದ್ದು ನನಗೇ ಹೊಸತು. "ನಿಮ್ಮನ್ನ ಹತ್ತಿಸ್ಕಳುಕೆ ಕಾಸರಕೋಡಲ್ಲಿ ನಿಲ್ಸಿದೆ. ಡಾಕ್ಟ್ರಿಗೆ ನಿಲ್ಸುದು ಎಂತಕ್ಕೆ ಬ್ಯಾಡ? ನಿಮ್ಮ ಅಪ್ಪಂದು ಬೇರೆ ಕಾಯಿಲೆ, ಅದಕ್ಕೆ ಬೇಕಾದ್ದು ಆ ಊರುಗಳಲ್ಲಿ ಇರ್ಲಿಲ್ಲ. ಇವ್ರಿಗೆ ಬೇಕಾದ್ದು ಇಲ್ಲಿ ಅದೆ, ನಾವು ಕೇಳ್ಕಂಡೇ ಹೋಗ್ತಾ ಇದ್ದೇವೆ. ಉಡುಪಿ ತನ್ಕ ನಿಮ್ಮ ಕೈ ತಡೀತದಾ? ಹೌದು ಅಂದ್ರೆ ಸೀದಾ ಹೋಗ್ವ."

ಒತ್ತಿ ಒತ್ತಿ ಅವನ ಮುಂಗೈ ಆಗಲೇ ಸೋತಿತ್ತು. ಅವನನ್ನು ಒಪ್ಪಿಸಲು ಕೇಳಿದೆನೋ, ಹೊಣೆ ಹಂಚಿಕೊಳ್ಳಲು ಕೇಳಿದೆನೋ, ಈಗ ಹೇಳಲಾರೆ. ಉತ್ತರ ಕೊಟ್ಟವಳು ತಂಗಿ.

"ನಿಲ್ಸಿ," ಎಂದಳು. "ಇವ್ರು ನನ್ನ ಕೈ ಒತ್ತಿದ್ರು. ನಿಲ್ಸಿ."

ಅದು ಕೇಳಿದ ಪ್ರಶ್ನೆಗೆ ಒತ್ತಿದ್ದೋ, ಬರೀ ಗಾಡಿ ಕುಲುಕಿದ್ದೋ ನನಗೆ ಗೊತ್ತಿಲ್ಲ. ಬೋಟಿನವನು ಮುಖವನ್ನು ತೋಳಿಗೆ ಒರೆಸಿಕೊಂಡು ಮತ್ತೆ ಎದೆ ನೋಡತೊಡಗಿದ. ಶಿರಾಲಿ ಹಿಂದೆ ಹೋಯಿತು. ದೊಡ್ಡ ಸಿಲಿಂಡರ್ ಮುಗಿಯಿತು. ಸಣ್ಣದಕ್ಕೆ ನಳಿಗೆ ಬದಲಿಸುವಾಗ ಮಾಸ್ಕನ್ನು ತಂಗಿಯ ಕೈಗೆ ಕೊಟ್ಟೆ. ನಾನು ತೋರಿಸಿದಂತೆಯೇ ಎರಡೂ ಕೈಯಿಂದ ದವಡೆ ಎತ್ತಿ ಹಿಡಿದಳು. ಚಪ್ಪಲಿಯ ಕೊಟ್ಟೆ ಅವಳ ಕಂಕುಳಲ್ಲೇ ಇತ್ತು.

ಭಟ್ಕಳದ ಆಸ್ಪತ್ರೆಯ ಬಾಗಿಲಲ್ಲಿ ಆಪರೇಷನ್ನಿನ ಹಸಿರು ಬಟ್ಟೆಯಲ್ಲೇ ಒಬ್ಬ ಡಾಕ್ಟರಮ್ಮ ನಿಂತಿದ್ದರು. ಸ್ಟ್ರೆಚರ್ ಇಳಿಸುವಾಗಲೂ ಬೋಟಿನವನು ಪಕ್ಕದಲ್ಲಿ ಓಡುತ್ತ ಒತ್ತುತ್ತಿದ್ದ. ಒಳಗಿನ ಬಾಗಿಲಲ್ಲಿ ಇನ್ನೊಬ್ಬರು ಚೀಲ ತೆಗೆದುಕೊಂಡರು. ಅವನಿಗೆ ಕೊಡಲು ಮನಸ್ಸಿರಲಿಲ್ಲ, ಬೆರಳುಗಳನ್ನು ನಾನೇ ಬಿಡಿಸಬೇಕಾಯಿತು.

ನಾನು ಒಳಗೆ ಹೋಗಿ ಆದದ್ದನ್ನೆಲ್ಲ ಹೇಳಿದೆ. ಡಾಕ್ಟರಮ್ಮ ಕೇಳುತ್ತಲೇ ಗಂಟಲೊಳಗೆ ಬೆಳಕು ಹಾಕಿದರು, ಜೊಲ್ಲು ಎಳೆದರು, ಮೊದಲ ಸಲ ದಾರಿ ಕಾಣದೆ ಹಿಂದೆ ಸರಿದರು, ಮತ್ತೆ ಚೀಲ ಒತ್ತಿಸಿದರು. ಎರಡನೆಯ ಸಲ ಟ್ಯೂಬು ಹೋಯಿತು. ಯಂತ್ರಕ್ಕೆ ಸೇರಿಸಿದ ಮೇಲೆ ಎದೆ ಸಮನಾಗಿ ಏಳುವುದನ್ನು ನೋಡುತ್ತ ಗೋಡೆಗೆ ಒರಗಿದೆ. ನನ್ನ ಯೂನಿಫಾರಂ ತುಂಬ ವಾಂತಿ ಮೆತ್ತಿಕೊಂಡಿದ್ದು ಆಗ ಕಂಡಿತು.

ಹೊರಗೆ ಬಂದರೆ ಬೋಟಿನವನು ಬೆಂಚಿನ ಮೇಲೆ ಕೂತಿದ್ದ. ಅವನ ಬಲಗೈ ತೊಡೆಯ ಮೇಲೆ ತೆರೆದುಕೊಂಡು, ಮುಚ್ಚಿಕೊಂಡು, ಮತ್ತೆ ತೆರೆದುಕೊಳ್ಳುತ್ತಿತ್ತು. ನಿಲ್ಲಿಸಲು ಅವನಿಗೆ ಬರುತ್ತಿರಲಿಲ್ಲ. ನನ್ನ ಹಿಂದೆಯೇ ಡಾಕ್ಟರಮ್ಮ ಬಂದದ್ದು ನೋಡಿ ಎದ್ದು ನಿಂತ.

"ಎಷ್ಟೊತ್ತಿಗೆ ರೆಫರ್ ಮಾಡ್ತ್ರಿ?" ಎಂದು ಕೇಳಿದ. ಮಾಡುತ್ತೀರಾ ಎಂದಲ್ಲ, ಎಷ್ಟು ಹೊತ್ತಿಗೆ ಎಂದೇ ಕೇಳಿದ.

"ಯಾಕೆ ರೆಫರ್?" ಎಂದರು ಅವರು. "ಔಷಧಿ ಮತ್ತೊಂದು ಸುತ್ತು ಕೊಡ್ತೇವೆ. ಯಂತ್ರ ಉಸಿರಾಡಿಸ್ತದೆ. ರೆಪ್ಪೆ ತಾನಾಗಿ ತೆರೆಯೋವರೆಗೆ ಇಲ್ಲೇ ಇರ್ಲಿ."

ಅವರು ಒಳಗೆ ಹೋದ ಮೇಲೆ ತಂಗಿ ನನ್ನ ತೋಳು ಹಿಡಿದಳು. "ಎಂತ ಹೇಳಿದ್ರು ಸಿಸ್ಟರೇ? ಈಗ ಎಲ್ಲಿಗೆ ಹೋಗುದು?"

"ಎಲ್ಲಿಗೂ ಇಲ್ಲ ತಂಗಿ. ಇಲ್ಲೇ ಇಟ್ಕಂಡ್ರು."

ಅವಳಿಗೆ ಅದು ಒಳಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಕೊಟ್ಟೆ ಬಿಚ್ಚಿ, ಗಂಡನ ಚಪ್ಪಲಿಯನ್ನು ತೆಗೆದು, ಬೆಂಚಿನ ಕೆಳಗೆ ಜೋಡಿಸಿ ಇಟ್ಟಳು. ಅವುಗಳ ಪಕ್ಕದಲ್ಲಿ ನೆಲದ ಮೇಲೆ ಕೂತು ಅತ್ತಳು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನನ್ನ ಪಾಲಿನದನ್ನು ಅತ್ತು ಬಂದೆ.

ಮರುದಿನ ಅವನ ರೆಪ್ಪೆ ಮಿಸುಕಿತೆಂದು ಡ್ರೈವರ್‌ನ ತಂಗಿಯ ಗಂಡನಿಂದ ಸುದ್ದಿ ಬಂತು. ಅದರ ಮುಂದಿನ ದಿನ ಟ್ಯೂಬು ತೆಗೆದರು. ಸ್ವಲ್ಪ ದಿನ ದನಿ ಒಡಕಾಗಿತ್ತಂತೆ, ಬಲಗೈಯ ಬೆರಳೊಂದು ಪೂರ್ತಿ ಮಡಚುವುದಿಲ್ಲವಂತೆ. ಅದೇ ಚಪ್ಪಲಿ ಮೆಟ್ಟಿಕೊಂಡು ಬಸ್ಸಿನಲ್ಲಿ ಮನೆಗೆ ಹೋದನಂತೆ.

ಪದ್ಧತಿ ಬದಲಾಗಿದೆ ಎಂದು ನಾನು ಹೇಳುವುದಿಲ್ಲ. ಇವತ್ತಿಗೂ ನಮ್ಮಲ್ಲಿ ರೆಫರ್ ಎಂದರೆ ಉಡುಪಿಯೇ, ಎಷ್ಟೋ ಕಾಯಿಲೆಗೆ ಅದೇ ಸರಿ ಕೂಡ. ಆಮೇಲೆ ನಾನು ಇನ್ನೊಬ್ಬರನ್ನು ಹೀಗೇ ದಾರಿಯ ಆಸ್ಪತ್ರೆಯಲ್ಲಿ ಇಳಿಸಿದ್ದೆ, ಅವರು ಉಳಿ‌ಯಲಿಲ್ಲ. ಆ ಮನೆಯವರು ಇವತ್ತೂ ನನ್ನ ಮುಖ ನೋಡುವುದಿಲ್ಲ. ಅದೂ ನನ್ನ ಲೆಕ್ಕದಲ್ಲೇ ಇದೆ.

ಆದರೆ ಮೊನ್ನೆ ಊಟಕ್ಕೆ ಕೂತಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಹಿಂದೆ ಗಾಡಿಯ ಸದ್ದು, ಹೆಂಗಸರ ಅಳು. ದನಿ ಕೇಳಿದ ಕೂಡಲೇ ಒಣಮೀನಿನ ವಾಸನೆ ಬಂದಂತಾಯಿತು.

"ಸಿಸ್ಟರೇ, ನಾನು ಕಾಸರಕೋಡಂವ. ನಮ್ಮ ಬೋಟು ನಡೆಸುವ ತಾಂಡೇಲರಿಗೆ ರೆಫರ್ ಆತು, ಉಡುಪಿಗೆ ಹೊರಟಿದ್ದೇವೆ. ಹೇಳಿ, ಬೇಕಾದ್ರೆ ದಾರೀಲಿ ಎಲ್ಲೆಲ್ಲಿ ನಿಲ್ಸುದು?"